ಕುದುರೆಗೆ ಹಸುವಿನ ಲೆಕ್ಕ ನಡೆಯುವುದಿಲ್ಲ: ಎತ್ತರ, ತೂಕ, ಮೇವು, ಲದ್ದಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹಳ್ಳಿಗಳಲ್ಲಿ ಹಸು ಕಟ್ಟಿ ಗೊತ್ತಿಲ್ಲದ ಮನೆ ಕಡಿಮೆ. ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗೆ ಒಂದು ಕುದುರೆ ಬಂತೆಂದರೆ ಅದಕ್ಕೂ ಹಸುವಿನ ಉಪಚಾರವೇ ಆಗುತ್ತದೆ. ಬೆಳಗ್ಗೆ ಒಂದು ಹೊರೆ ಸೀಮೆ ಹುಲ್ಲು, ಸಂಜೆ ಒಂದು ಬಾನಿ ಕಲಗಚ್ಚು, ಮೇಲೆ ನಾಲ್ಕು ಬೊಗಸೆ ಬೂಸ. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಕುದುರೆಯಾಗಲಿ, ಮಕ್ಕಳನ್ನು ಕೂರಿಸುವ ತಟ್ಟುವಾಗಲಿ, ರೇಸ್ ಮುಗಿಸಿ ತೋಟದ ಮನೆ ಸೇರಿದ ಥರೋಬ್ರೆಡ್ ಆಗಲಿ, ಹೊಟ್ಟೆನೋವಿಗೆ ದಾರಿ ತೆರೆಯುವುದು ಹೀಗೇ.

ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಹುಲ್ಲು ಮೊದಲು ಅಲ್ಲಿ ಹುದುಗುತ್ತದೆ, ಹಸು ಮೆಲುಕು ಹಾಕುತ್ತದೆ, ತೇಗಿ ಗಾಳಿ ಬಿಡುತ್ತದೆ, ಆಮೇಲೆ ಮೇವು ಮುಂದಕ್ಕೆ ಹೋಗುತ್ತದೆ. ಕುದುರೆಗೆ ಇದೆಲ್ಲ ತಿರುಗುಮುರುಗು. ಜಠರ ಒಂದೇ, ಅದೂ ಚಿಕ್ಕದು: ಹಿಡಿಯುವುದು 8ರಿಂದ 15 ಲೀಟರ್. ಹುಲ್ಲು ಹುದುಗುವುದು ಕೊನೆಯಲ್ಲಿ, ಸಣ್ಣ ಕರುಳು ದಾಟಿದ ಮೇಲೆ ಸಿಗುವ ದೊಡ್ಡ ಕುರುಡುಗರುಳು ಮತ್ತು ಹೆಗ್ಗರುಳಿನಲ್ಲಿ. ಮೆಲುಕಿಲ್ಲ, ತೇಗಿಲ್ಲ, ವಾಂತಿಯೂ ಆಗುವುದಿಲ್ಲ. ಒಮ್ಮೆ ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು, ಅದಕ್ಕೆ ಒಂದೂವರೆಯಿಂದ ಮೂರು ದಿನ ಹಿಡಿಯುತ್ತದೆ. ಮೇವಿನ ಬಗ್ಗೆ ಮುಂದೆ ಹೇಳುವುದೆಲ್ಲ ಈ ರಚನೆಯಿಂದಲೇ ಹುಟ್ಟಿದ್ದು.

ಎತ್ತರ ಅಳೆಯುವುದು ಎಲ್ಲಿಗೆ?

ತಲೆಯ ತನಕ ಅಲ್ಲ. ಜೂಲು ಮುಗಿದು ಬೆನ್ನು ಶುರುವಾಗುವ ಕಡೆ, ಎರಡು ಹೆಗಲುಗಳ ನಡುವೆ ಒಂದು ಗಟ್ಟಿ ದಿಬ್ಬ ಕೈಗೆ ಸಿಗುತ್ತದೆ. ನೆಲದಿಂದ ಆ ದಿಬ್ಬದ ನೆತ್ತಿಯ ತನಕ ಎಷ್ಟೋ ಅದೇ ಎತ್ತರ. ಸಿಮೆಂಟ್ ನೆಲದ ಮೇಲೋ ಚಪ್ಪಡಿಯ ಮೇಲೋ ನಾಲ್ಕು ಕಾಲೂ ಸಮವಾಗಿ ನಿಲ್ಲುವಂತೆ ನಿಲ್ಲಿಸಿ. ಪಕ್ಕದಲ್ಲಿ ನೇರವಾದ ಕೋಲು ಹಿಡಿದು, ದಿಬ್ಬದ ಮೇಲೆ ಗಾರೆ ಕೆಲಸದವರ ರಸಮಟ್ಟವನ್ನು ಅಡ್ಡ ಇಟ್ಟು, ಗುಳ್ಳೆ ನಡುವಿಗೆ ಬಂದಾಗ ಕೋಲಿನ ಮೇಲೆ ಗುರುತು ಹಾಕಿ.

ಕುದುರೆ ವ್ಯಾಪಾರದಲ್ಲಿ ಅಳತೆ ‘ಹ್ಯಾಂಡ್ಸ್’ ಲೆಕ್ಕದಲ್ಲಿ. ಒಂದು ಹ್ಯಾಂಡ್ ಅಂದರೆ 4 ಇಂಚು. 14.2 ಅಂದಾಗ ಚುಕ್ಕೆಯ ಬಲಗಡೆ ಇರುವುದು ಇಂಚು, ದಶಮಾಂಶವಲ್ಲ. 14 ಹ್ಯಾಂಡ್ ಮೇಲೆ 2 ಇಂಚು, ಒಟ್ಟು 58 ಇಂಚು, ಸುಮಾರು 147 ಸೆಂ.ಮೀ. ಹಾಗಾಗಿ 14.3 ಆದಮೇಲೆ ಬರುವುದು 15. ದಲ್ಲಾಳಿ ‘ಹದಿನಾಲ್ಕೂವರೆ’ ಎಂದರೆ ಸರಿ, ಅದು 14.2. ‘14.5’ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವನಿಗೆ ಅಳತೆ ಗೊತ್ತಿಲ್ಲ, ನೀವೇ ಕೋಲು ಹಿಡಿಯಿರಿ.

14.2ಕ್ಕಿಂತ ಕೆಳಗಿನದನ್ನು ಸಾಮಾನ್ಯವಾಗಿ ಪೋನಿ, ನಮ್ಮ ಮಾತಿನಲ್ಲಿ ತಟ್ಟು, ಎನ್ನುತ್ತಾರೆ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿದ್ದರೆ ಮಾರ್ವಾಡಿ ಅಥವಾ ಕಾಠಿಯಾವಾಡಿ ತಳಿಯ ರಕ್ತ ಇದೆ ಎಂದು ತಿಳಿಯಬಹುದು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಕುಣಿಗಲ್ ಫಾರ್ಮಿನಲ್ಲಿ ಆಮೇಲೆ ಬೆಳೆದದ್ದು ರೇಸಿನ ಥರೋಬ್ರೆಡ್. ಆ ಜಾತಿಯ ಕುದುರೆ ಸಾಮಾನ್ಯವಾಗಿ 15.2ರಿಂದ 16.2 ಎತ್ತರ, 450ರಿಂದ 550 ಕೆ.ಜಿ. ಮೆರವಣಿಗೆಗೆ ಬರುವ ನಾಟಿ ಕುದುರೆಯ ಪಕ್ಕ ಅದನ್ನು ನಿಲ್ಲಿಸಿದರೆ ಎತ್ತರದಲ್ಲಿ ಒಂದು ಗೇಣು ವ್ಯತ್ಯಾಸ, ತೂಕದಲ್ಲಿ ನೂರೈವತ್ತು ಕೆ.ಜಿ.ಗೂ ಹೆಚ್ಚು ವ್ಯತ್ಯಾಸ ಕಾಣಬಹುದು. ಮೇವನ್ನು ತೂಕ ನೋಡಿ ಹಾಕಬೇಕು, ಎತ್ತರ ನೋಡಿ ಅಲ್ಲ.

ತೂಕದ ಯಂತ್ರವಿಲ್ಲದೆ ತೂಕ ತಿಳಿಯುವುದು

ಟೈಲರ್ ಟೇಪು 150 ಸೆಂ.ಮೀ.ಗೆ ಮುಗಿಯುತ್ತದೆ, ಕುದುರೆಯ ಎದೆಗೆ ಸಾಲದು. ಕಬ್ಬಿಣದ ಟೇಪು ಸದ್ದು ಮಾಡಿ ಕುದುರೆಯನ್ನು ಬೆದರಿಸುತ್ತದೆ. ಹಿಗ್ಗದ ದಾರದಿಂದ ಸುತ್ತಿ, ಬೆರಳಲ್ಲಿ ಒತ್ತಿ ಹಿಡಿದು, ಆಮೇಲೆ ದಾರವನ್ನು ಟೇಪಿನ ಮೇಲೆ ಇಡುವುದು ಸುಲಭ.

1. ಎದೆಸುತ್ತು: ಮುಂಗಾಲಿನ ಮೊಣಕೈಯ ಹಿಂದೆ, ಹೆಗಲ ದಿಬ್ಬದ ಹಿಂದೆ ಬರುವಂತೆ ದಾರ ಸುತ್ತಿ. ಉಸಿರು ಬಿಟ್ಟಾಗಿನ ಅಳತೆ ತೆಗೆದುಕೊಳ್ಳಿ. ದಾರ ಮೈಗೆ ಅಂಟಿರಬೇಕು, ಒತ್ತಬಾರದು.
2. ಉದ್ದ: ಎದೆಯ ಪಕ್ಕದಲ್ಲಿ ಮುಂದಕ್ಕೆ ಚಾಚಿರುವ ಭುಜದ ಮೂಳೆಯಿಂದ ಬಾಲದ ಕೆಳಗೆ ಹಿಂದಕ್ಕೆ ಚಾಚಿರುವ ಕುಂಡೆಯ ಮೂಳೆಯ ತನಕ. ಇದಕ್ಕೆ ಇಬ್ಬರು ಬೇಕು.
3. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿ. ಅಳತೆ ಸೆಂ.ಮೀ.ನಲ್ಲಿದ್ದರೆ ಉತ್ತರ ಕೆ.ಜಿ.

ಎದೆಸುತ್ತು 160, ಉದ್ದ 145 ಇರುವ ನಾಟಿ ಕುದುರೆ: 160 × 160 × 145 ÷ 11,877 = ಸುಮಾರು 312 ಕೆ.ಜಿ. ಇದನ್ನೇ ಮುಂದೆ ಉದಾಹರಣೆಗೆ ಇಟ್ಟುಕೊಳ್ಳೋಣ. ದಾರ ಸಡಿಲವಾಗಿ ಎದೆಸುತ್ತು 165 ಎಂದು ಬಂದರೆ ತೂಕ 332 ಆಗುತ್ತದೆ, ಅಂದರೆ 5 ಸೆಂ.ಮೀ. ತಪ್ಪಿಗೆ 20 ಕೆ.ಜಿ. ಅದಕ್ಕೇ ಮೂರು ಸಲ ಅಳೆದು ನಡುವಿನದನ್ನು ಹಿಡಿಯಿರಿ. ಮರಿಗೂ, ತುಂಬಿದ ಗಬ್ಬದ ಕುದುರೆಗೂ ಈ ಲೆಕ್ಕ ಹೊಂದುವುದಿಲ್ಲ. ಹತ್ತಿರದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇದ್ದರೆ ವಾಹನವನ್ನು ಕುದುರೆ ಸಮೇತ ಒಮ್ಮೆ, ಕುದುರೆ ಇಳಿಸಿ ಒಮ್ಮೆ ತೂಗಿಸಿ ಕಳೆಯಿರಿ. ಎರಡು ಸಲವೂ ಗಾಡಿಯಲ್ಲಿ ಅಷ್ಟೇ ಜನ ಇರಲಿ.

ಈ ಅಂಕಿ ಮೂರು ಕಡೆ ಕೆಲಸಕ್ಕೆ ಬರುತ್ತದೆ. ಮೊದಲನೆಯದು ಮೇವು. ಎರಡನೆಯದು ಜಂತುಹುಳುವಿನ ಮದ್ದು: ಕುದುರೆಯ ಪೇಸ್ಟ್ ಸಿರಿಂಜಿನ ಮೇಲೆ ಕೆ.ಜಿ. ಗೆರೆಗಳೇ ಇರುತ್ತವೆ, ಕಡಿಮೆ ಕೊಟ್ಟರೆ ಹುಳು ಸಾಯದೆ ಮದ್ದಿಗೆ ಒಗ್ಗಿಕೊಳ್ಳುತ್ತದೆ. ಹಸುವಿಗೆ ತಂದ ಐವರ್‌ಮೆಕ್ಟಿನ್ ಇಂಜೆಕ್ಷನ್ ಮಿಕ್ಕಿದೆ ಎಂದು ಕುದುರೆಗೆ ಚುಚ್ಚಿಸಬೇಡಿ, ಇದಕ್ಕೆ ಬಾಯಿಯ ಪೇಸ್ಟೇ ಸರಿ. ಮೂರನೆಯದು ಹೊರೆ: ಜೀನು, ಬಟ್ಟೆ, ಸವಾರ ಎಲ್ಲ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲು ಮೀರಬಾರದು. 312 ಕೆ.ಜಿ. ಕುದುರೆಗೆ ಅದು 62 ಕೆ.ಜಿ. ಎಂಬತ್ತೈದು ಕೆ.ಜಿ.ಯ ಮದುಮಗ, ಜರಿಯ ಜೀನು, ಮುಂದೆ ಕೂರಿಸಿದ ತಂಗಿಯ ಮಗು ಎಲ್ಲ ಸೇರಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ನೀವೇ ಕೂಡಿ ನೋಡಿ.

ತೂಕ ಸರಿ ಇದೆಯೇ ಎನ್ನುವುದಕ್ಕೆ ಪಕ್ಕೆಲುಬೇ ಸಾಕ್ಷಿ. ಅಂಗೈಯಿಂದ ಮೆಲ್ಲಗೆ ಸವರಿದಾಗ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ದೊಡ್ಡ ಹೊಟ್ಟೆ ನೋಡಿ ಕೊಬ್ಬಿದೆ ಎನ್ನಬೇಡಿ. ಒರಟು ಹುಲ್ಲನ್ನೇ ತಿಂದರೂ, ಜಂತು ತುಂಬಿದರೂ ಹೊಟ್ಟೆ ಜೋಲುತ್ತದೆ, ಬೆನ್ನು ಮಾತ್ರ ಒಣಗಿರುತ್ತದೆ.

ದಿನಕ್ಕೆ ಎಷ್ಟು ಮೇವು?

ನೀರಿನಂಶ ತೆಗೆದ ಲೆಕ್ಕದಲ್ಲಿ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡೂವರೆ ಪಾಲು. ಸಾಧಾರಣ ಕೆಲಸದ ಕುದುರೆಗೆ ಎರಡು ಎಂದು ಹಿಡಿಯಿರಿ. ಅದರಲ್ಲಿ ಒಂದೂವರೆ ಪಾಲಾದರೂ ಹುಲ್ಲೇ ಆಗಿರಬೇಕು. ಒಣಹುಲ್ಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಾರ, ಹಸಿ ಮೇವಿನಲ್ಲಿ ಐದರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ನೀರು. 20 ಕೆ.ಜಿ. ಹಸಿ ಹುಲ್ಲಿನ ಹೊರೆ ನೋಡಲು ದೊಡ್ಡದು, ಒಳಗಿರುವುದು 4 ಕೆ.ಜಿ.

ನಮ್ಮ 312 ಕೆ.ಜಿ. ಕುದುರೆಗೆ ಬೇಕಾದ್ದು ಸುಮಾರು 6.2 ಕೆ.ಜಿ. ಒಣಸಾರ. ಈ ಸೀಮೆಯಲ್ಲಿ ಸಿಗುವ ಸಾಮಾನಿನಿಂದಲೇ ಅದನ್ನು ಹೀಗೆ ಹೊಂದಿಸಬಹುದು: ಒಣಗಿಸಿದ ಬಯಲು ಹುಲ್ಲು ಅಥವಾ ರೋಡ್ಸ್ ಹುಲ್ಲು 3 ಕೆ.ಜಿ., ರಾಗಿ ಹುಲ್ಲು 2 ಕೆ.ಜಿ., ಹಸಿ ಕುದುರೆಮೆಂತೆ (ಲೂಸರ್ನ್) 5 ಕೆ.ಜಿ., ಹುರುಳಿ ಮುಕ್ಕಾಲು ಕೆ.ಜಿ. (ಬೇಯಿಸುವ ಮುಂಚಿನ ತೂಕ), ಉಪ್ಪು 30 ಗ್ರಾಂ. ಕೆಲಸವಿಲ್ಲದೆ ನಿಂತಿರುವ ದಿನಗಳಲ್ಲಿ ಹುರುಳಿಯನ್ನು ಅರ್ಧ ಮಾಡಿ, ಹುಲ್ಲು ಕಡಿಮೆ ಮಾಡಬೇಡಿ. ಅಳೆಯಲು ನೇತುಹಾಕುವ ಸ್ಪ್ರಿಂಗ್ ತಕ್ಕಡಿ ಸಾಕು. ಸೇರು, ಪಾವು, ಬೊಗಸೆ ಬೇಡ. ಸೇರು ಊರಿಗೊಂದು ತೆರ, ಮೇಲಾಗಿ ಒಂದೇ ಡಬ್ಬದಲ್ಲಿ ಹುರುಳಿ ತೂಗುವಷ್ಟು ಬೂಸ ತೂಗುವುದಿಲ್ಲ.

ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ದೊಡ್ಡ ಮಾತು. ಬಯಲಿಗೆ ಬಿಟ್ಟ ಕುದುರೆ ದಿನದಲ್ಲಿ ಹದಿನಾಲ್ಕು ಗಂಟೆಗೂ ಹೆಚ್ಚು ಹೊತ್ತು ಮೇಯುತ್ತದೆ. ಅದರ ಜಠರದಲ್ಲಿ ಆಮ್ಲ ಹೊತ್ತಿಲ್ಲದೆ ಜಿನುಗುತ್ತಲೇ ಇರುತ್ತದೆ. ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿದಾಗಷ್ಟೇ ಬರುತ್ತದೆ. ರಾತ್ರಿ ಎಂಟಕ್ಕೆ ಬರಿದಾದ ಗೋದಲಿ ಬೆಳಗ್ಗೆ ಆರರ ತನಕ ಬರಿದೇ ಇದ್ದರೆ ಆ ಹತ್ತು ಗಂಟೆ ಆಮ್ಲ ಹೊಟ್ಟೆಯ ಗೋಡೆಯನ್ನೇ ಕೊರೆಯುತ್ತದೆ. ಹುಲ್ಲನ್ನು ನಾಲ್ಕು ಪಾಲು ಮಾಡಿ, ದೊಡ್ಡ ಪಾಲನ್ನು ರಾತ್ರಿಗೆ ಇಡಿ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿದರೆ ನಿಧಾನವಾಗಿ ತಿನ್ನುತ್ತದೆ. ಬಲೆ ಎದೆಯ ಮಟ್ಟದಲ್ಲಿರಲಿ, ತೀರ ಕೆಳಗಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ.

ಕಾಳು, ಹಿಂಡಿ, ಬೂಸ ಸೇರಿ ಒಂದು ಹೊತ್ತಿಗೆ ಮೈತೂಕದ ಇನ್ನೂರರಲ್ಲೊಂದು ಪಾಲು ಮೀರಬಾರದು. 312 ಕೆ.ಜಿ.ಗೆ ಅದು ಒಂದೂವರೆ ಕೆ.ಜಿ. ಮೀರಿದರೆ ಹಿಟ್ಟಿನಂಶ ಸಣ್ಣ ಕರುಳಲ್ಲಿ ಅರಗದೆ ಹಿಂದಕ್ಕೆ ಹೋಗಿ ಹುಳಿಯಾಗುತ್ತದೆ. ಅಲ್ಲಿಂದ ಹೊಟ್ಟೆಶೂಲೆ, ಅಲ್ಲಿಂದಲೇ ಗೊರಸಿನೊಳಗೆ ಉರಿ. ಮದುವೆ ಮನೆಯಲ್ಲಿ ಮಿಕ್ಕಿದ ಅನ್ನ, ಮುದ್ದೆ, ಲಾಡು ತಂದು ಸುರಿದ ಮಾರನೇ ದಿನ ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿದ್ದರೆ, ಗೊರಸು ಮುಟ್ಟಿದರೆ ಬಿಸಿಯಿದ್ದರೆ, ಅದು ಸೋಮಾರಿತನವಲ್ಲ. ನಡೆಸಬೇಡಿ, ಡಾಕ್ಟರನ್ನು ಕರೆಸಿ. ಕಲಗಚ್ಚು ಬೇಡ ಎನ್ನುವುದೂ ಇದೇ ಕಾರಣಕ್ಕೆ: ಅದು ಆಗಲೇ ಹುಳಿಬಂದ ಹಿಟ್ಟುನೀರು.

ಯಾವ ಮೇವು, ಯಾವುದರ ಜೊತೆ

ಹುರುಳಿಯನ್ನು ಇಂಗ್ಲಿಷಿನವರು ಕುದುರೆ ಕಾಳು ಎಂದೇ ಹೆಸರಿಟ್ಟರು, ತಪ್ಪಿಲ್ಲ. ನೂರಕ್ಕೆ ಇಪ್ಪತ್ತರ ಮೇಲೆ ಪ್ರೋಟೀನ್ ಇದೆ. ಆದರೆ ಹಸಿ ಕಾಳಿನಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವೂ ಇದೆ, ಬೇಯಿಸಿದರೆ ಅದು ಹೋಗುತ್ತದೆ. ರಾತ್ರಿ ನೆನೆಹಾಕಿ, ಬೆಳಗ್ಗೆ ಬೆರಳಲ್ಲಿ ಹಿಚುಕಿದರೆ ಮಸೆಯುವಷ್ಟು ಬೇಯಿಸಿ, ಪೂರ್ತಿ ಆರಿಸಿ ಕೊಡಿ. ಮಾರ್ಚಿನ ಮೇಲೆ ಬೆಳಗ್ಗೆ ಬೇಯಿಸಿದ್ದು ಸಂಜೆಗೆ ಹುಳಿವಾಸನೆ ಬರುತ್ತದೆ, ಅದನ್ನು ಗೊಬ್ಬರದ ಗುಂಡಿಗೆ ಹಾಕಿ. ರಾಗಿಕಾಳು ಕೊಡುವುದಾದರೆ ಒಡೆಸಿ ನೆನೆಸಿ ಕೊಡಿ, ಇಡಿಯಾಗಿ ಹಾಕಿದರೆ ಇಡಿಯಾಗಿಯೇ ಲದ್ದಿಯಲ್ಲಿ ಬರುತ್ತದೆ.

ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅದನ್ನೇ ನಂಬಿ, ನೀರೂ ಕಡಿಮೆಯಾದರೆ ಹೆಗ್ಗರುಳಿನಲ್ಲಿ ಗಟ್ಟಿ ಕಟ್ಟಿಕೊಳ್ಳುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಕಡಲೆಕಾಯಿ ಬಳ್ಳಿ ಒಳ್ಳೆಯ ಮೇವು, ಆದರೆ ಬೇರಿನ ಮಣ್ಣು ಕೊಡವಿ ಕೊಡಬೇಕು, ಬೂಷ್ಟು ಹಿಡಿದಿರಬಾರದು. ಮಣ್ಣು ಕರುಳಿನ ತಳದಲ್ಲಿ ಕೂತು ಹೊಟ್ಟೆನೋವು ತರುತ್ತದೆ. ತಿಪಟೂರು ಕಡೆಯವರಿಗೆ ಕೊಬ್ಬರಿ ಹಿಂಡಿ ಸಿಗುತ್ತದೆ. ಹಿಟ್ಟಿನಂಶ ಕಡಿಮೆ, ಎಣ್ಣೆಯಂಶ ಇರುವುದರಿಂದ ಸೊರಗಿದ ಕುದುರೆಗೆ ಮೈಬರಲು ಇದು ಹುರುಳಿಗಿಂತ ಸುರಕ್ಷಿತ. ನೆನೆಸಿ, ದಿನಕ್ಕೆ ಕಾಲು ಕೆ.ಜಿ.ಯಿಂದ ಶುರುಮಾಡಿ. ಕಮಟು ವಾಸನೆ ಇದ್ದರೆ ಬೇಡ.

ಸೀಮೆ ಹುಲ್ಲು ಎಂದು ನಾವು ಕರೆಯುವ ನೇಪಿಯರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಸುವಿನ ಹೊಟ್ಟೆಯ ಜೀವಿಗಳು ಆ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶವನ್ನು ಒಡೆದುಬಿಡುತ್ತವೆ. ಕುದುರೆಯಲ್ಲಿ ಅದು ಮೇವಿನ ಸುಣ್ಣದಂಶಕ್ಕೆ (ಕ್ಯಾಲ್ಸಿಯಂ) ಕಚ್ಚಿಕೊಂಡು ಲದ್ದಿಯಲ್ಲಿ ಹೊರಟುಹೋಗುತ್ತದೆ. ಜೊತೆಗೆ ಗೋಧಿ ಬೂಸ ಹಾಕಿದರೆ ಇನ್ನೂ ಕೆಟ್ಟದ್ದು: ಬೂಸದಲ್ಲಿ ಸುಣ್ಣದಂಶಕ್ಕಿಂತ ರಂಜಕ ಹತ್ತು ಪಾಲು ಹೆಚ್ಚು, ಕುದುರೆಗೆ ಬೇಕಾದ್ದು ಸುಣ್ಣದಂಶವೇ ಹೆಚ್ಚಿರುವ ಮೇವು. ರಕ್ತಕ್ಕೆ ಬೇಕಾದ ಸುಣ್ಣವನ್ನು ಮೈ ಆಗ ಮೂಳೆಯಿಂದ ಕೀಳುತ್ತದೆ. ಕೆಲವು ತಿಂಗಳಲ್ಲಿ ಕಣ್ಣಿನ ಕೆಳಗಿನ ಮುಖದ ಮೂಳೆ ಎರಡೂ ಕಡೆ ಊದುತ್ತದೆ, ಹೆಜ್ಜೆ ಕುಂಟುತ್ತದೆ, ಹಲ್ಲು ಅಲುಗುತ್ತದೆ. ಹಸಿ ಸೀಮೆ ಹುಲ್ಲು ಬಿಟ್ಟು ಬೇರೆ ದಾರಿ ಇಲ್ಲದವರು ಅದನ್ನು ಮೇವಿನ ಮೂರರಲ್ಲೊಂದು ಪಾಲಿಗೆ ಇಳಿಸಿ, ಸುಣ್ಣದಂಶ ಹೆಚ್ಚಿರುವ ಕುದುರೆಮೆಂತೆ ಸೇರಿಸಿ, ಖನಿಜ ಮಿಶ್ರಣ ಎಷ್ಟು ಬೇಕೆಂದು ಡಾಕ್ಟರನ್ನು ಕೇಳಿ. ಬೂಸ ದಿನಕ್ಕೆ ಕಾಲು ಕೆ.ಜಿ. ಸಾಕು.

ಹಸಿ ಬಿಳಿಜೋಳದ ಮೇವನ್ನು ವಾರಗಟ್ಟಲೆ ತಿಂದ ಕುದುರೆಗೆ ಮೂತ್ರಕೋಶ ಕೆಟ್ಟು ಉಚ್ಚೆ ತೊಟ್ಟಿಕ್ಕುತ್ತದೆ, ಹಿಂಗಾಲು ತೂಗಾಡುತ್ತದೆ. ಬೂಷ್ಟು ಹಿಡಿದ ಮುಸುಕಿನ ಜೋಳ ಕುದುರೆಯ ಮಿದುಳನ್ನೇ ಕೆಡಿಸಬಲ್ಲದು, ಕೋಳಿಗೆ ಹಾಕೋಣ ಎಂದು ಇಟ್ಟದ್ದನ್ನು ಇತ್ತ ತರಬೇಡಿ. ಕೋಳಿ ಫಾರಂ ಫೀಡ್ ಅಂತೂ ಒಂದು ಹಿಡಿಯೂ ಬೇಡ. ಕೋಳಿಯ ರಕ್ತಭೇದಿ ತಡೆಯಲು ಅದರಲ್ಲಿ ಬೆರೆಸುವ ಮೊನೆನ್ಸಿನ್‌ನಂಥ ಮದ್ದು ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ, ಅದಕ್ಕೆ ಮರುಮದ್ದಿಲ್ಲ. ದ್ರಾಕ್ಷಿ, ಹಿಪ್ಪುನೇರಳೆ ತೋಟಕ್ಕೆ ತಂದ ಹರಳು ಹಿಂಡಿಯ ಚೀಲ, ಹೆದ್ದಾರಿ ನಡುವಿನ ಕಣಗಿಲೆ, ಸುಗ್ಗಿ ಮುಗಿದ ಟೊಮೆಟೊ ಗಿಡ, ಇವುಗಳಿಂದಲೂ ದೂರ ಕಟ್ಟಿ.

ಯಾವ ಮೇವನ್ನೇ ಬದಲಿಸಿದರೂ ಏಳರಿಂದ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ.

ನೀರು

450 ಕೆ.ಜಿ. ಕುದುರೆಗೆ ಕೆಲಸವಿಲ್ಲದ ತಂಪು ದಿನ 20ರಿಂದ 25 ಲೀಟರ್, ಬೇಸಿಗೆಯಲ್ಲಿ ದುಡಿದರೆ ಅದರ ಎರಡರಷ್ಟು. ನಮ್ಮ 312ರದ್ದಕ್ಕೆ 15ರಿಂದ ಶುರು. ಶಿರಾ, ಪಾವಗಡದ ಏಪ್ರಿಲ್ ಬಿಸಿಲಿಗಿಂತ ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿ ಮೋಸ ಮಾಡುವುದು ಹೆಚ್ಚು: ತಣ್ಣಗಿನ ನೀರನ್ನು ಕುದುರೆ ಮೂಸಿ ಬಿಡುತ್ತದೆ, ಒಣಹುಲ್ಲು ಮಾತ್ರ ತಿನ್ನುತ್ತಲೇ ಇರುತ್ತದೆ, ಹೊಟ್ಟೆ ಕಟ್ಟುತ್ತದೆ. ಬೆಳಗ್ಗೆ ಉಗುರುಬೆಚ್ಚಗೆ ಮಾಡಿ ಇಡಿ. ತೊಟ್ಟಿಗಿಂತ ಬಕೆಟ್ ಒಳ್ಳೆಯದು, ಎಷ್ಟು ಕುಡಿಯಿತು ಎನ್ನುವುದು ಗೊತ್ತಾಗುತ್ತದೆ. ಈ ಜಿಲ್ಲೆಗಳ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಬೆಳೆಯುವ ಮರಿ ಇದ್ದರೆ ನೀರು ಪರೀಕ್ಷೆ ಮಾಡಿಸಿ, ಹಲ್ಲು ಮೂಡುವ ವಯಸ್ಸಿನಲ್ಲಿ ಕಲೆ ಬಿದ್ದರೆ ಹೋಗುವುದಿಲ್ಲ.

ಲದ್ದಿ, ಉಚ್ಚೆ, ಹೂಸು

ದಿನಕ್ಕೆ 8ರಿಂದ 12 ಸಲ ಲದ್ದಿ ಹಾಕುವುದು ಸಹಜ. 450 ಕೆ.ಜಿ. ಕುದುರೆ 15ರಿಂದ 20 ಕೆ.ಜಿ. ಹಾಕುತ್ತದೆ. ಉಂಡೆ ನೆಲಕ್ಕೆ ಬಿದ್ದಾಗ ಒಡೆಯಬೇಕು, ಒಳಗೆ ತೇವ ಇರಬೇಕು. ಗಟ್ಟಿ, ಸಣ್ಣ, ಲೋಳೆ ಮೆತ್ತಿದ ಉಂಡೆ ಎಂದರೆ ನೀರು ಸಾಲದು. ಇಡಿ ಕಾಳು, ಉದ್ದನೆಯ ಹುಲ್ಲು ಕಂಡರೆ ಹಲ್ಲು ನೋಡಿಸಿ: ಕುದುರೆಯ ಹಲ್ಲು ಸವೆಯುತ್ತಾ ಬೆಳೆಯುತ್ತಿರುತ್ತದೆ, ಅಂಚು ಚೂಪಾಗಿ ಕೆನ್ನೆ ಕೊರೆಯುತ್ತದೆ, ವರ್ಷಕ್ಕೊಮ್ಮೆ ಉಜ್ಜಿಸಬೇಕು. ಮರಳಿನ ಅನುಮಾನವಿದ್ದರೆ ಐದಾರು ಉಂಡೆಯನ್ನು ನೀರಿನ ಡಬ್ಬದಲ್ಲಿ ಕರಗಿಸಿ ಹದಿನೈದು ನಿಮಿಷ ಬಿಡಿ, ಮರಳು ತಳಕ್ಕೆ ಕೂರುತ್ತದೆ. ಜಂತು ಪರೀಕ್ಷೆಗೆ ಬಿಸಿ ಲದ್ದಿಯ ಎರಡು ಉಂಡೆಯನ್ನು ಕವರಿನಲ್ಲಿ ಕಟ್ಟಿ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ.

ಉಚ್ಚೆ ದಿನಕ್ಕೆ ಐದಾರು ಸಲ. ಹಳದಿಯಾಗಿ ಮಬ್ಬಾಗಿ, ಸ್ವಲ್ಪ ಲೋಳೆಯಾಗಿ ಇರುವುದು ಕಾಯಿಲೆಯಲ್ಲ, ಮಿಕ್ಕ ಸುಣ್ಣದಂಶವನ್ನು ಕುದುರೆ ಮೂತ್ರದಲ್ಲೇ ಹೊರಹಾಕುತ್ತದೆ. ಸಿಡಿಯುವ ಗಟ್ಟಿ ನೆಲದ ಮೇಲೆ ಉಯ್ಯಲು ಹಿಂಜರಿಯುತ್ತದೆ, ಮಣ್ಣಿನ ಕಡೆ ಬಿಡಿ. ಕೆಲಸ ಮಾಡಿದ ಮೇಲೆ ಕಾಫಿ ಬಣ್ಣದ ಉಚ್ಚೆ, ಜೊತೆಗೆ ಸೊಂಟ ಕಲ್ಲಿನಂತೆ ಬಿಗಿದಿದ್ದರೆ ಸ್ನಾಯು ಒಡೆದು ಮೂತ್ರಕ್ಕೆ ಬರುತ್ತಿದೆ. ಇದ್ದಲ್ಲೇ ನಿಲ್ಲಿಸಿ, ಒಂದು ಹೆಜ್ಜೆಯೂ ನಡೆಸಬೇಡಿ.

ಹೂಸು ಬಿಟ್ಟರೆ ನಕ್ಕು ಸುಮ್ಮನಿರಿ, ಹಿಂಗರುಳು ಕೆಲಸ ಮಾಡುತ್ತಿದೆ. ಹೆದರಬೇಕಾದ್ದು ಸದ್ದಿಲ್ಲದ ಹೊಟ್ಟೆಗೆ. ಪಕ್ಕೆಯ ಹಿಂದಿನ ಗುಳಿಗೆ ಕಿವಿ ಒತ್ತಿ ಒಂದು ನಿಮಿಷ ಕೇಳಿ, ಎಡಕ್ಕೂ ಬಲಕ್ಕೂ. ಗುಡುಗುಡು ಕೇಳಿಸಲೇಬೇಕು.

ಮರಿ ಹಾಕಿದ ಕುದುರೆಯ ವಿಷಯದಲ್ಲೂ ಹಸುವಿನ ಲೆಕ್ಕ ಹಿಡಿದರೆ ಕೆಟ್ಟೆವು. ಗಬ್ಬ ಸುಮಾರು ಹನ್ನೊಂದು ತಿಂಗಳು. ಹಸುವಿಗೆ ಸತ್ತೆ (ಮಾಸು) ಬೀಳಲು ಅರ್ಧ ದಿನ ಕಾಯುತ್ತೇವೆ, ಕುದುರೆಗೆ ಮೂರು ಗಂಟೆ ದಾಟಿದರೆ ಅಪಾಯ. ಕೈ ಹಾಕಿ ಎಳೆಯದೆ ಡಾಕ್ಟರಿಗೆ ಫೋನ್ ಮಾಡಿ. ಮರಿ ತಾಯಿಯ ಲದ್ದಿ ತಿನ್ನುವುದು ಮಾತ್ರ ಸಹಜ, ಬಿಡಿ.

ಹೊಟ್ಟೆನೋವು ಬಂದಾಗ

ನೆಲ ಕೆರೆಯುವುದು, ತಿರುಗಿ ಪಕ್ಕೆ ನೋಡುವುದು, ಮೇಲ್ದುಟಿ ಸುರುಳುವುದು, ಮಲಗಿ ಎದ್ದು ಹೊರಳುವುದು, ಮೇವು ಮುಟ್ಟದಿರುವುದು. ಇವುಗಳಲ್ಲಿ ಎರಡು ಕಂಡರೆ ಸಾಕು. ಗೋದಲಿಯ ಮೇವು ತೆಗೆಯಿರಿ. ಗೊಟ್ಟದಲ್ಲಿ ಎಣ್ಣೆ, ಕಷಾಯ, ಸೋಡಾ ಏನನ್ನೂ ಹುಯ್ಯಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ಮುಂಚೆ ಅದೇ ಕೊಲ್ಲುತ್ತದೆ. ಡಾಕ್ಟರು ಎಣ್ಣೆ ಕೊಡುವುದು ಮೂಗಿನಿಂದ ಜಠರಕ್ಕೆ ಇಳಿಸಿದ ನಳಿಕೆಯಲ್ಲಿ.

ಫೋನ್ ಮಾಡುವ ಮುಂಚೆ ಮೂರು ಅಂಕಿ ಬರೆದುಕೊಳ್ಳಿ. ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ: 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ, ಸಹಜ 28ರಿಂದ 44. ಪಕ್ಕೆಯ ಏರಿಳಿತ ನೋಡಿ ಉಸಿರು ಎಣಿಸಿ, ಸಹಜ ನಿಮಿಷಕ್ಕೆ 8ರಿಂದ 16. ಥರ್ಮಾಮೀಟರಿಗೆ ದಾರ ಕಟ್ಟಿ, ಪಕ್ಕಕ್ಕೆ ನಿಂತು, ಗುದದಲ್ಲಿ ಇಡಿ, ಸಹಜ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಒಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ನಾಡಿ 60 ದಾಟಿದ್ದರೆ, ಒಸಡು ಇಟ್ಟಿಗೆ ಬಣ್ಣಕ್ಕೋ ನೀಲಿಗೋ ತಿರುಗಿದ್ದರೆ ಅದನ್ನೇ ಮೊದಲು ಹೇಳಿ. ಕೊನೆಯ ಲದ್ದಿ ಎಷ್ಟು ಹೊತ್ತಿಗೆ, ನಿನ್ನೆಯಿಂದ ಏನು ಬದಲಾಯಿತು, ತೂಕ ಎಷ್ಟು ಎನ್ನುವುದನ್ನೂ ಹೇಳಿ.

ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದರೆ ಬೆಂಗಳೂರಿಗೇ ಹೊರಡಬೇಕು, ಹಾಗಾಗಿ ಕುದುರೆ ಹತ್ತುವ ಗಾಡಿ ಯಾರದ್ದು, ರಾತ್ರಿ ಬರುವ ಡಾಕ್ಟರು ಯಾರು ಎನ್ನುವುದನ್ನು ಕುದುರೆ ಚೆನ್ನಾಗಿರುವಾಗಲೇ ವಿಚಾರಿಸಿ ಲಾಯದ ಗೋಡೆಯ ಮೇಲೆ ಬರೆದಿಡಿ. ಡಾಕ್ಟರು ಬರುವ ತನಕ ಸುಮ್ಮನೆ ಮಲಗಿದ್ದರೆ ಮಲಗಲು ಬಿಡಿ. ಹೊರಳಾಡಿ ಗೋಡೆಗೆ ಹೊಡೆದುಕೊಳ್ಳುತ್ತಿದ್ದರೆ ಮಾತ್ರ ಎಬ್ಬಿಸಿ ಹತ್ತು ನಿಮಿಷ ನಿಧಾನ ನಡೆಸಿ, ಮತ್ತೆ ನಾಡಿ ಎಣಿಸಿ, ಹೊತ್ತು ಸಮೇತ ಬರೆದುಕೊಳ್ಳಿ.